ಗೇಟಿನ ಹೊರಗಿನ ಪುಂಡಿಪಲ್ಲೆ

ಬಳ್ಳಾರಿಯ ಸುಡುಬಿಸಿಲಿನಲ್ಲೂ ನಾಲ್ಕು ಜೇಬಿನ ಖಾಕಿ ಕೋಟಿನ ಅಷ್ಟೂ ಗುಂಡಿ ಹಾಕಿಕೊಂಡೇ ಹೊರಡುವ ಉಚ್ಚಂಗೆಪ್ಪನವರು, ಬೀದಿಯಲ್ಲಿ ನಡೆಯುವಾಗ ಪ್ರತಿ ಮನೆಯ ಬಾಗಿಲ ಮುಂದೆ ಅರೆಗಳಿಗೆ ನಿಂತೇ ಮುಂದಿನ ಹೆಜ್ಜೆ ಇಡುತ್ತಾರೆ. ಸಿರುಗುಪ್ಪದಲ್ಲಿ ಮೂವತ್ತೊಂದು ವರ್ಷ ಮನೆಗಂದಾಯ ವಸೂಲಿ ಮಾಡಿದ ಕಾಲುಗಳವು. ನಿವೃತ್ತಿಯ ಆದೇಶ ಅವುಗಳಿಗೆ ಇನ್ನೂ ತಲುಪಿಲ್ಲ. ಮಾತಿಗೊಮ್ಮೆ 'ಅದರ ಬಾಬತ್ತು ಬ್ಯಾರೆ' ಅನ್ನುವುದು ಅವರ ರೂಢಿ. ಹೆಂಡತಿ ಹನುಮಮ್ಮ ಇದ್ದಾಗ ಅಡುಗೆ ಕೆಟ್ಟ ದಿನವೂ ಅಷ್ಟೆ: "ಉಪ್ಪಿನ ಬಾಬತ್ತು ಬ್ಯಾರೆ, ಸಾರು ಚಲೋ ಐತಿ."

ಹನುಮಮ್ಮ ತೀರಿಕೊಂಡ ಮೇಲೆ, ಊರ ಹೊರಗಿನ ಲೇಔಟಿನ ಆ ಮನೆಯಲ್ಲಿ ಅವರನ್ನು ದಿನಕ್ಕೊಮ್ಮೆ ಮಾತಾಡಿಸುತ್ತಿದ್ದವಳು ಕೊಳಗಲ್ಲಿನಿಂದ ಸೊಪ್ಪು ಹೊತ್ತು ತರುವ ಗಿಡ್ಡಮ್ಮ ಒಬ್ಬಳೇ. ಬುಟ್ಟಿ ಇಳಿಸಿ, ಪುಂಡಿಪಲ್ಲೆಯ ಸಿವುಡು ಕೈಗಿಟ್ಟು ಗದರುತ್ತಿದ್ದಳು: "ನಿನ್ನೀದು ಬೇಯಿಸಿಕೊಂಡು ಉಂಡ್ರೋ, ಎಮ್ಮಿಗಿ ಹಾಕಿದ್ರೋ ಸಾಹೇಬ್ರ? ಅಕ್ಕ ಇದ್ದಾಗ ಗಲ್ಲ ಇಷ್ಟು ಒಳಗ ಹೋಗಿದ್ದಿಲ್ಲ ಬಿಡ್ರಿ." ಆ ಗದರಿಕೆಗಾಗಿ ಅವರು ಏಳಕ್ಕೆಲ್ಲ ಕಟ್ಟೆಯ ಮೇಲೆ ಕೂತಿರುತ್ತಿದ್ದರು.

ಯುಗಾದಿ ಕಳೆದ ಮೇಲೆ ನಿವಾಸಿಗಳ ಸಂಘ ಗೇಟು ಹಾಕಿಸಿತು. ಹೊರಗಿನ ವ್ಯಾಪಾರಿಗಳಿಗೆ ಪ್ರವೇಶವಿಲ್ಲವೆಂದು ಬೋರ್ಡು ಬಂತು. ಎಂಟು ಬೆಳಗು ಕಟ್ಟೆಯ ಮುಂದೆ ಯಾರೂ ನಿಲ್ಲಲಿಲ್ಲ. ಒಂಬತ್ತನೆಯ ದಿನ ಸಂಘದ ಸಭೆಯಲ್ಲಿ ಉಚ್ಚಂಗೆಪ್ಪನವರು ಎದ್ದು ನಿಂತು, ಗೇಟು ತೆರೆಯಬೇಕು ಅಂದರು.

"ತಿಂಗಳಾ ಮೆಂಟೆನೆನ್ಸ್ ಕಟ್ಟೋರು ನಾವು. ನಮ್ಮ ರಸ್ತ್ಯಾಗ ಯಾರು ಬರಬೇಕು ಅಂತ ನಾವ ಹೇಳ್ತೀವ್ರಿ," ಅಂದರು ಅಧ್ಯಕ್ಷ ತಿಪ್ಪೇಸ್ವಾಮಿ.

"ಅದರ ಬಾಬತ್ತು ಬ್ಯಾರೆ ಸ್ವಾಮಿ. ಮೆಂಟೆನೆನ್ಸು ನಾವ್ ನಾವ ಒಪ್ಪಿ ಕೂಡಿಸಿದ್ದು. ವಾಚ್‌ಮನ್ ಪಗಾರ, ಸಂಘದ ಕಟ್ಟಡದ ಸುಣ್ಣಬಣ್ಣ, ಅಷ್ಟಕ್ಕ ಅದು. ಕಂದಾಯ, ಸೆಸ್ಸು ಒಪ್ಪಲಿ ಬಿಡಲಿ ಕಟ್ಟಬೇಕು. ಬೀದಿದೀಪ, ಕಸ, ರಸ್ತಿ ಅದರಾಗ ಬರ್ತಾವ. ಲೇಔಟು ಪಾಲಿಕಿಗೆ ಒಪ್ಪಿಸಿ ಮೂರು ವರ್ಷಾತು. ಈ ರಸ್ತಿ ರೊಕ್ಕ ಕೊಟ್ಟೋರದ್ದೂ ಹೌದು, ಕೊಡಲಾರದೋರದ್ದೂ ಹೌದು."

"ಒಂದು ಸಿವುಡು ಪಲ್ಲೆಕ ಇಷ್ಟು ಕಾನೂನೇನ್ರೀ ಹಿರೇರ!" ಹಿಂದಿನಿಂದ ಯಾರೋ ಅಂದರು. ಸಭೆ ನಕ್ಕಿತು.

ಮನೆಗೆ ಬಂದು ಅವರು ಪಾಲಿಕೆಗೆ ಅರ್ಜಿ ಬರೆದರು, ದುಂಡಗಿನ ಅಕ್ಷರದಲ್ಲಿ, 'ಸಾರ್ವಜನಿಕ ಹಿತದೃಷ್ಟಿಯಿಂದ' ಎಂದು ಆರಂಭಿಸಿ. ಎರಡು ತಿಂಗಳಿಗೆ ಗೇಟು ತೆರೆಯಿತು. ಬಳೆಯವರು ಬಂದರು, ಮೊಸರಿನವರು ಬಂದರು, ಚಾಪೆಯವರೂ ಬಂದರು. ಗಿಡ್ಡಮ್ಮ ಮಾತ್ರ ಅಷ್ಟರಲ್ಲಿ ಕೌಲ್‌ಬಜಾರಿನ ಕಡೆ ಗಿರಾಕಿ ಹಿಡಿದಿದ್ದಳು.

"ನೀವ ಹೋಗಿ ಒಂದ್ ಮಾತು ಕರೀರಲ್ಲ," ಅಂದ ವಾಚ್‌ಮನ್ ಮಾರೇಶ.

ಉಚ್ಚಂಗೆಪ್ಪನವರು ಕೋಟಿನ ಗುಂಡಿ ಮುಟ್ಟಿ ನೋಡಿಕೊಂಡರು. "ಏನಂತ ಕರೀಲಿ?"

ಬದುಕಿಡೀ ಊರಿನ ಪರವಾಗಿ ರಸೀದಿ, ಅರ್ಜಿ ಬರೆದವರು ಹೀಗೇ ಇರುತ್ತಾರೇನೋ. ಎಲ್ಲರಿಗೆ ಸಲ್ಲಬೇಕಾದ್ದನ್ನು ಎಲ್ಲರಿಗೂ ಕೊಡಿಸಬಲ್ಲರು. ತಮಗೆ ಒಬ್ಬರು ಬೇಕಾಗಿದ್ದಾರೆ ಎಂದು ಬರೆಯಲು ಮಾತ್ರ ಅವರ ಬಳಿ ನಮೂನೆಯೇ ಇರುವುದಿಲ್ಲ.