ಆರನೆಯವಳು

ಸಿಂಚನಾಳ ಫೋಟೋದ ಕೆಳಗೆ ಒಂದು ಚಪ್ಪಾಳೆಯ ಚಿತ್ರ ಹಾಕಲು ಧಾರಿಣಿಗೆ ಹನ್ನೊಂದು ನಿಮಿಷ ಬೇಕಾಯಿತು. ಅಷ್ಟರಲ್ಲಿ ತಂಡದ ವಾಟ್ಸ್ಯಾಪ್ ಗುಂಪಿನ ಉಳಿದವರೆಲ್ಲ ಹಾಕಿ ಮುಗಿಸಿದ್ದರು. ತಾನೊಬ್ಬಳೇ ಸುಮ್ಮನಿದ್ದರೆ ಎಲ್ಲರ ಕಣ್ಣಿಗೆ ಬೀಳುತ್ತದೆಂದು ಕೊನೆಗೆ ಅವಳೂ ಒತ್ತಿದಳು. ಒತ್ತಿ, ಫೋನನ್ನು ಕಚೇರಿಯ ಮೇಜಿನ ಮೇಲೆ ಬೋರಲು ಹಾಕಿದಳು. ಲೀಗಿನ ಈ ವರ್ಷದ ಅತ್ಯುತ್ತಮ ಆರನೇ ಆಟಗಾರ್ತಿ, ಮಾನೇಸರ್ ತಂಡದ ಸಿಂಚನಾ.

ಬ್ಯಾಸ್ಕೆಟ್‌ಬಾಲಿನಲ್ಲಿ ಅಂಗಳಕ್ಕೆ ಇಳಿಯುವವರು ಐವರು. ಆರನೆಯವಳು ಬೆಂಚಿನ ತುದಿಯಲ್ಲಿ ಕೂತಿದ್ದು, ಐವರಲ್ಲಿ ಯಾರೋ ದಣಿದಾಗ, ಯಾರದೋ ಗುರಿ ತಪ್ಪತೊಡಗಿದಾಗ ಮೊದಲು ಎದ್ದು ಹೋಗುವವಳು. ಲೀಗ್ ಶುರುವಾದ ನಾಲ್ಕು ವರ್ಷದಿಂದ ಧಾರಿಣಿ ಕೂತದ್ದು ಆ ತುದಿಯಲ್ಲೇ. ದಾವಣಗೆರೆಯಲ್ಲಿ ಆಡಿ, ಕ್ರೀಡಾ ಕೋಟಾದಲ್ಲಿ ದೆಹಲಿಯ ಸರ್ಕಾರಿ ಕಚೇರಿಗೆ ಗುಮಾಸ್ತೆಯಾಗಿ ಬಂದು, ಕಿದ್ವಾಯಿ ನಗರದ ಕ್ವಾರ್ಟರ್ಸಿನಲ್ಲಿ ಗಂಡ ಪೃಥ್ವಿಯ ಜೊತೆ ಸಂಸಾರ ಹೂಡಿದವಳಿಗೆ ಈಗ ಮೂವತ್ತಮೂರು. ಪಂದ್ಯವಾದ ಮರುದಿನ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಿದ್ದಳು. ಮೊದಲ ಐವರಲ್ಲಿ ಒಬ್ಬಳಾಗುವ ಆಸೆಯನ್ನು ಎಂದೋ ಬಿಟ್ಟಿದ್ದಳು. ಆದರೆ ಆರನೆಯವಳಿಗೂ ಒಂದು ಪ್ರಶಸ್ತಿ ಇದೆಯೆಂದ ಮೇಲೆ, ಅದು ಒಂದಲ್ಲ ಒಂದು ವರ್ಷ ತನ್ನದೇ ಎಂದು ನಂಬಿಕೊಂಡಿದ್ದಳು.

ಮೊದಲ ವರ್ಷ ಅದನ್ನು ಹೆಚ್ಚು ಅಂಕ ಗಳಿಸಿದವಳಿಗೆ ಕೊಟ್ಟರು. ಎರಡನೇ ವರ್ಷ ಧಾರಿಣಿಯ ಅಂಕಗಳೇ ಹೆಚ್ಚಿದ್ದವು. ಆಗ ತಂಡ ಫೈನಲ್ ತಲುಪಿರಬೇಕು ಅಂದರು. ಮೂರನೇ ವರ್ಷ ತಂಡವೂ ಫೈನಲ್ ತಲುಪಿತು. ಆ ಸಲ 'ಆಟದ ಮೇಲಿನ ಪ್ರಭಾವ' ಎಂಬ ಹೊಸ ಮಾತು ಹುಟ್ಟಿ ಪ್ರಶಸ್ತಿ ಗಾಜಿಯಾಬಾದಿನ ಹುಡುಗಿಗೆ ಹೋಯಿತು. ಈಗ ಸಿಂಚನಾ. ಇಪ್ಪತ್ತಮೂರರ ಈ ಹುಡುಗಿ ಆರನೆಯವಳೇ ಅಲ್ಲ. ಮೊದಲ ಏಳು ಪಂದ್ಯ ಐವರಲ್ಲಿ ಒಬ್ಬಳಾಗಿ ಆಡಿ, ಪಾದ ಉಳುಕಿಸಿಕೊಂಡು ಎಂಟನೆಯದಕ್ಕೆ ಬರಲಿಲ್ಲ. ಅವಳ ಜಾಗಕ್ಕೆ ಧಾರಿಣಿ ಬಂದಳು, ತಂಡ ಗೆಲ್ಲತೊಡಗಿತು. ಗೆಲ್ಲುವ ಐವರನ್ನು ಕದಲಿಸಬಾರದೆಂಬುದು ಕೋಚ್ ಈಶ್ವರಪ್ಪನವರ ಪದ್ಧತಿ. ಹಾಗಾಗಿ ವಾಸಿಯಾಗಿ ಬಂದ ಸಿಂಚನಾ ಉಳಿದ ಎಂಟು ಪಂದ್ಯ ಬೆಂಚಿನ ತುದಿಯಲ್ಲಿ ಕೂತು, ಎದ್ದು ಬಂದು ಆಡಿದಳು. ನಾಲ್ಕು ವರ್ಷ ಕೂತವಳಿಗೆ ಸಿಗದ್ದು ಎಂಟು ಪಂದ್ಯ ಕೂತವಳಿಗೆ ಸಿಕ್ಕಿತು.

ಅಂದು ಸಂಜೆ ಮಾನೇಸರಿಗೆ ಹೋಗುವ ತಂಡದ ವ್ಯಾನಿನಲ್ಲಿ ಸಿಂಚನಾ ಎಂದಿನಂತೆ ಪಕ್ಕದಲ್ಲೇ ಬಂದು ಕೂತಳು. ದೆಹಲಿಯಲ್ಲೇ ಬೆಳೆದ ಅವಳ ಕನ್ನಡದಲ್ಲಿ ಹಿಂದಿ ಬೆರೆತಿರುತ್ತಿತ್ತು. ಅವಳ ಮನೆ ಲೋಧಿ ಕಾಲೋನಿ. ಅಪ್ಪ ಬಸಪ್ಪನವರು ಯಾವುದೋ ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್. ಇಬ್ಬರೂ ವ್ಯಾನ್ ಹತ್ತುವುದು ಒಂದೇ ನಿಲ್ದಾಣದಲ್ಲಿ.

"ಅಕ್ಕಾ, ಸಚ್ ಬತಾವೂಂ? ನಂಗೆ ಸಮಝ್ ಹಿ ನಹೀಂ ಆಯಾ. ಇದು ನಿಮ್ದು ಆಗ್ಬೇಕಿತ್ತು."

"ನಿಂದಾಯ್ತಲ್ಲ, ಬಿಡು."

"ಪಪ್ಪಾ ಊರಲ್ಲಿ ಎಲ್ರಿಗೂ ಫೋನ್ ಮಾಡಿದ್ದಾರೆ. ಇತನೀ ಶರಮ್ ಆಗುತ್ತೆ. ಸಿಕ್ಸ್ತ್ ಪ್ಲೇಯರ್ ಅಂದ್ರೆ ಏನು ಅಂತ ಅಜ್ಜಿಗೆ ಅರ್ಧ ಗಂಟೆ ಸಮಝಾಯಾ."

ಗುರುಗ್ರಾಮ ದಾಟುವಷ್ಟರಲ್ಲಿ ಹುಡುಗಿ ಧಾರಿಣಿಯ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದಳು. ಧಾರಿಣಿ ಭುಜ ಕದಲಿಸಲಿಲ್ಲ. ಇವಳು ಸ್ವಲ್ಪ ಮೆರೆದಿದ್ದರೆ, ಒಂದು ಮಾತು ಸೊಕ್ಕಿನಿಂದ ಆಡಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎನಿಸಿತು. ನಿಮ್ಮದಾಗಬೇಕಿತ್ತು ಎಂದು ಅವಳೇ ಹೇಳಿದ ಮೇಲೆ ಹೊಟ್ಟೆಯೊಳಗಿನ ಉರಿಗೆ ಕಾರಣವೂ ಉಳಿಯಲಿಲ್ಲ, ಉರಿ ಮಾತ್ರ ಹಾಗೇ ಇತ್ತು. ಆ ಪಾದ ಇನ್ನೊಂದು ತಿಂಗಳು ವಾಸಿಯಾಗದೆ ಇದ್ದಿದ್ದರೆ ಎಂಬ ಯೋಚನೆ ಬಂತು. ಬಂದದ್ದಕ್ಕೆ ಅವಳಿಗೆ ನಾಚಿಕೆಯೂ ಆಗಲಿಲ್ಲ.

ಮರುದಿನ ಅರ್ಧ ದಿನ ರಜೆ ಹಾಕಿ ಲೀಗಿನ ಕಚೇರಿಗೆ ಹೋದಳು. ಹಿಂದಿನ ರಾತ್ರಿ ಊಟಕ್ಕೆ ಮುಂಚೆಯೇ ಕೂತು ಬರೆದ ಅರ್ಜಿ ಚೀಲದಲ್ಲಿತ್ತು. ಅದರ ಒಂದೊಂದು ವಾಕ್ಯವೂ ನಿಜವೇ: ಪ್ರಶಸ್ತಿಯ ಮಾನದಂಡ ಎಲ್ಲೂ ಪ್ರಕಟವಾಗಿಲ್ಲ, ವರ್ಷವರ್ಷಕ್ಕೂ ಬದಲಾಗುತ್ತಿದೆ, ಆಟಗಾರ್ತಿಯರಿಗೆ ತಿಳಿಯುವ ಹಕ್ಕಿದೆ.

ಕಾರ್ಯದರ್ಶಿ ಕೇಶವಮೂರ್ತಿಯವರು ಸರ್ಕಾರಿ ಸೇವೆಯಿಂದ ನಿವೃತ್ತರಾದವರು. ಅರ್ಜಿ ಓದಿ, ಕನ್ನಡಕ ತೆಗೆದು, ಒಂದು ಹಾಳೆಯನ್ನು ಅವಳತ್ತ ತಿರುಗಿಸಿಟ್ಟರು.

"ನೋಡಿಮ್ಮ, ಮುಚ್ಚಿಡೋದೇನಿಲ್ಲ. ಬೆಂಚಿನಿಂದ ಎದ್ದು ಬಂದ ಪಂದ್ಯ, ಮೊದಲಿಂದ ಆಡಿದ ಪಂದ್ಯಕ್ಕಿಂತ ಜಾಸ್ತಿ ಇರಬೇಕು. ಸಿಂಚನಾ ಮೊದಲಿಂದ ಆಡಿದ್ದು ಏಳು, ಬೆಂಚಿನಿಂದ ಎಂಟು. ನೀವು ಮೊದಲಿಂದ ಒಂಬತ್ತು, ಬೆಂಚಿನಿಂದ ಏಳು. ನಿಮ್ಮ ಹೆಸರು ಮತಕ್ಕೇ ಬರಲಿಲ್ಲ."

"ಈ ನಿಯಮ ಎಲ್ಲಿ ಬರೆದಿದೆ ಸರ್?"

"ಬರೆದಿಲ್ಲ. ಮತ ಹಾಕೋ ದಿನ ಯಾರೋ ಕೇಳಿದ್ರು, ಆರನೆಯವಳು ಅಂದ್ರೆ ಯಾರು ಅಂತ. ಎಲ್ಲೋ ಒಂದು ಕಡೆ ಗೆರೆ ಎಳೀಬೇಕಲ್ಲ."

"ಸೀಸನ್ ಮುಗಿದ ಮೇಲೆ ಎಳೆದ್ರಾ?"

ಅವರು ಹಾಳೆಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. "ನಿಮ್ಮ ನಸೀಬು ನೋಡಿ. ಹಿಂದಿನ ಪಂದ್ಯ ಸೋತಿದ್ರಲ್ಲ, ಕೊನೇ ಪಂದ್ಯಕ್ಕೆ ಈಶ್ವರಪ್ಪನವರು ಮೊದಲು ಕೊಟ್ಟ ಐವರ ಪಟ್ಟೀಲಿ ಸಿಂಚನಾ ಹೆಸರಿತ್ತು. ಆಮೇಲೆ ಹೊಡೆದುಹಾಕಿ ನಿಮ್ಮದು ಬರೆದಿದ್ದಾರೆ. ಹಾಗೇ ಬಿಟ್ಟಿದ್ರೆ ಅವಳು ಎಂಟು-ಏಳಾಗಿ ಹೊರಗೆ ಹೋಗ್ತಿದ್ಲು. ನೀವು ಎಂಟು-ಎಂಟು. ಸಮ ಬಂದವರನ್ನ ಬಿಡೋಕಾಗುತ್ತಾ? ನಿಮಗೇ ಬರ್ತಿತ್ತೇನೋ."

ಧಾರಿಣಿ ಆ ಸಾಲನ್ನೇ ನೋಡಿದಳು. ಒಂದು ಹೆಸರಿನ ಮೇಲೆ ನೀಲಿ ಗೆರೆ, ಪಕ್ಕದಲ್ಲಿ ಇನ್ನೊಂದು ಹೆಸರು. ಆ ಗೆರೆ ಎಳೆಸಿದ್ದು ಅವಳೇ. ಆ ಕೊನೆಯ ಪಂದ್ಯಕ್ಕೆ ಪೃಥ್ವಿ ಮೊದಲ ಸಲ ತನ್ನ ಆಫೀಸಿನವರನ್ನು ಕರೆದುಕೊಂಡು ಬಂದಿದ್ದ. ದೀಪ ಆರಿಸಿ, ಐವರ ಹೆಸರು ಒಂದೊಂದಾಗಿ ಕೂಗಿ ಅಂಗಳಕ್ಕೆ ಬಿಡುವಾಗ ಆ ಐದರಲ್ಲಿ ಸಿಂಚನಾಳ ಹೆಸರನ್ನು ಬೆಂಚಿನಲ್ಲಿ ಕೂತು ಕೇಳುವುದು ಅವಳಿಂದಾಗುತ್ತಿರಲಿಲ್ಲ. ಬಟ್ಟೆ ಬದಲಿಸುವ ಕೋಣೆಯ ಹೊರಗೆ ಕೋಚ್ ಅವರನ್ನು ನಿಲ್ಲಿಸಿ, "ಸರ್, ಅವಳ ಪಾದ ಇನ್ನೂ ಸರಿ ಇಲ್ಲ, ವ್ಯಾನಲ್ಲಿ ನೋವು ಅಂತಿದ್ಲು" ಎಂದಿದ್ದಳು. ಸಿಂಚನಾ ಹಾಗೆ ಏನೂ ಹೇಳಿರಲಿಲ್ಲ.

ಕೇಶವಮೂರ್ತಿಯವರು ಅರ್ಜಿಯನ್ನು ಮಡಿಸಿ ಅವಳ ಮುಂದಿಟ್ಟರು. "ಒಂದು ಮಾತು ಹೇಳ್ತೀನಿ, ಮನೆಯವರ ಥರ ತಿಳ್ಕೊಳ್ಳಿ. ಇದನ್ನ ಕೊಟ್ರೆ ಕಮಿಟಿ ಸೇರುತ್ತೆ. ಆದ್ರೆ ನಿಮಗೆ ಬರಲ್ಲ. ನಿಯಮ ಬರೆದಿರಲಿಲ್ಲ, ಹಾಗಾಗಿ ಈ ವರ್ಷ ಯಾರಿಗೂ ಇಲ್ಲ ಅಂತಾರೆ. ಅವರಿಗೆ ಅದೇ ಸುಲಭ."

"ಅರ್ಜಿ ಕೊಟ್ಟಿದ್ದು ಯಾರು ಅಂತ ಹೊರಗೆ ಗೊತ್ತಾಗುತ್ತಾ?"

ಅವರು ಅವಳನ್ನು ಒಂದು ಕ್ಷಣ ನೋಡಿದರು. "ಇಲ್ಲ."

ಗೋಡೆಯ ಫ್ಯಾನು ಒಮ್ಮೆ ಆ ಕಡೆ ತಿರುಗಿ ಮತ್ತೆ ಈ ಕಡೆ ಬಂತು. ಧಾರಿಣಿ ಮಡಿಕೆ ಬಿಡಿಸಿ, ಬಿಟ್ಟುಹೋಗಿದ್ದ ತಾರೀಖನ್ನು ತುಂಬಿ, ಅರ್ಜಿಯನ್ನು ಅವರತ್ತ ಸರಿಸಿದಳು.

ನಾಲ್ಕನೇ ದಿನ ಲೀಗಿನ ಪ್ರಕಟಣೆ ಬಂತು. ತಾಂತ್ರಿಕ ಕಾರಣಗಳಿಂದ ಈ ವರ್ಷ ಆರನೇ ಆಟಗಾರ್ತಿಯ ಪ್ರಶಸ್ತಿ ಇರುವುದಿಲ್ಲ, ಮುಂದಿನ ವರ್ಷದಿಂದ ಮಾನದಂಡಗಳನ್ನು ಮೊದಲೇ ಪ್ರಕಟಿಸಲಾಗುವುದು. ಅಂದು ಮಧ್ಯಾಹ್ನ ಧಾರಿಣಿ ಡಬ್ಬಿಯ ಮೂರು ಚಪಾತಿಯನ್ನೂ ತಿಂದು, ಪಕ್ಕದ ಮೇಜಿನ ವಿಮಲಾ ಕೊಟ್ಟ ನಾಲ್ಕನೆಯದನ್ನೂ ತಿಂದಳು. ಆ ಫೋಟೋ ಬಂದ ದಿನದಿಂದ ಅಷ್ಟು ಹಸಿವಾಗಿರಲಿಲ್ಲ.

ಶನಿವಾರದ ಅಭ್ಯಾಸಕ್ಕೆ ಸಿಂಚನಾ ವ್ಯಾನಿನಲ್ಲಿ ಬರಲಿಲ್ಲ. ತಡವಾಗಿ, ಆಟೋದಲ್ಲಿ, ಒಂದು ದೊಡ್ಡ ಸ್ಟೀಲ್ ಡಬ್ಬಿ ಹಿಡಿದು ಬಂದಳು. ಉಳಿದವರು ಅಂಗಳದ ಆ ತುದಿಯಲ್ಲಿ ಮೈ ಬಿಸಿ ಮಾಡಿಕೊಳ್ಳುತ್ತಿದ್ದರು. ಅವಳು ನೇರವಾಗಿ ಧಾರಿಣಿ ಶೂ ಕಟ್ಟುತ್ತಿದ್ದ ಬೆಂಚಿಗೆ ಬಂದು ಕೂತಳು.

"ಹೋಳಿಗೆ," ಅಂದಳು. "ಅಮ್ಮ ಕಾಲೋನಿಗೆಲ್ಲ ಹಂಚೋಕೆ ಅಂತ ಮೊದಲೇ ಮಾಡಿಬಿಟ್ಟಿದ್ರು. ಈಗ ಏನಂತ ಬೋಲ್ ಕೇ ಹಂಚೋದು? ವೇಸ್ಟ್ ಆಗುತ್ತೆ, ತಿನ್ನಿ ಅಕ್ಕಾ."

"ಅಪ್ಪ ಏನಂದ್ರು?"

"ಕುಛ್ ನಹೀಂ. ಊರಿಂದ ಫೋನ್ ಬಂದ್ರೆ ಎತ್ತಲ್ಲ, ಬಸ್." ಅವಳು ಡಬ್ಬಿಯ ಮುಚ್ಚಳ ತೆಗೆದಳು. "ಯಾರೋ ಕಂಪ್ಲೇಂಟ್ ಮಾಡಿದ್ದಾರಂತೆ. ಗಾಜಿಯಾಬಾದ್‌ವಾಲೇ ಇರ್ಬೇಕು. ನಿಮಗೆ ಕೊಡೋಕೆ ಅಂತ ಕಂಪ್ಲೇಂಟ್ ಮಾಡಿದ್ರೆ ಕಮ್ ಸೆ ಕಮ್ ಖುಷಿನಾದ್ರೂ ಆಗ್ತಿತ್ತು. ಯಾರಿಗೂ ಬೇಡ ಅಂತ ಮಾಡೋರು ಎಂಥಾ ಜನ, ಅಲ್ವಾ?"

ಧಾರಿಣಿ ಶೂ ದಾರಕ್ಕೆ ಇನ್ನೊಂದು ಗಂಟು ಹಾಕಿದಳು.

"ನಿನ್ನ ಪಾದ ಹೇಗಿದೆ?" ಎಂದು ಕೇಳಿದಳು.

"ಪಾದನಾ? ಅದು ಕಬ್ ಕಾ ಠೀಕ್ ಆಗೋಯ್ತು. ಲಾಸ್ಟ್ ಮ್ಯಾಚಲ್ಲಿ ಸರ್ ಕೂಡ ಕೇಳಿದ್ರು, ನೋವಿದ್ಯಂತೆ ಅಂತ. ನಾನು ಇಲ್ಲ ಅಂದೆ. ನಂಬಲಿಲ್ಲ." ಸಿಂಚನಾ ಒಂದು ಹೋಳಿಗೆ ತೆಗೆದು ಅವಳ ಅಂಗೈಗೆ ಇಟ್ಟಳು. ತುಪ್ಪ ಅಂಚಿನಿಂದ ಇಳಿಯುತ್ತಿತ್ತು. ಧಾರಿಣಿ ತಿಂದಳು. ಹುಡುಗಿ ಇನ್ನೊಂದು ಇಟ್ಟಳು. ಅದನ್ನೂ ತಿಂದಳು.

ಈಶ್ವರಪ್ಪನವರ ಸೀಟಿ ಕೇಳಿಸಿತು. "ಇಬ್ಬಿಬ್ಬರಾಗಿ ನಿಲ್ಲಿ. ಎದೆಮಟ್ಟದ ಪಾಸ್."

ಸಿಂಚನಾ ಬಾಯಿ ಒರೆಸಿಕೊಳ್ಳುತ್ತ ಓಡಿಹೋಗಿ, ಆರು ಹೆಜ್ಜೆ ಆಚೆ ಎದುರಾಗಿ ನಿಂತಳು. "ಅಕ್ಕಾ, ಚಲೋ," ಎಂದು ಚೆಂಡು ಎಸೆದಳು. ನೇರವಾದ, ಹದವಾದ ಎಸೆತ. ಧಾರಿಣಿಯ ಎರಡೂ ಕೈಗೆ ಸರಿಯಾಗಿ ಬಂತು. ತುಪ್ಪದ ಬೆರಳುಗಳ ನಡುವಿನಿಂದ ಜಾರಿ, ಅವಳ ಮೊಣಕಾಲಿಗೆ ತಗಲಿ, ಹಿಂದಕ್ಕೆ ಪುಟಿಯುತ್ತ ಹೋಯಿತು. ಅದು ಅಂಗಳದ ಗೆರೆ ದಾಟಿ, ಖಾಲಿ ಕುರ್ಚಿಗಳ ಸಾಲಿನ ಕೆಳಗೆ ಉರುಳುತ್ತಲೇ ಇತ್ತು. ಧಾರಿಣಿ ಅಂಗೈಗಳನ್ನು ಅಂಗಿಗೆ ಒರೆಸಿಕೊಳ್ಳುತ್ತ, ಓಡದೆ, ಅದರ ಹಿಂದೆ ನಡೆದಳು.