ಬೀಗ ಹತ್ತದ ಕಪಾಟಿನ ಮೇಲ್ಹಾಳೆ

ನಾನು ಬೀಟೆ ಮರದಿಂದ ಸೀಳಿದ ತೆಳ್ಳನೆಯ ಹಾಳೆ. ಬಡಗಿಗಳು ನನ್ನನ್ನು ವೆನೀರ್ ಎನ್ನುತ್ತಾರೆ. ಯಂತ್ರದ ಅಲಗು ಒಂದೇ ದಿಮ್ಮಿಯಿಂದ ನನ್ನನ್ನೂ ನನ್ನ ತಂಗಿಯನ್ನೂ ಒಬ್ಬರ ಹಿಂದೊಬ್ಬರಂತೆ ಇಳಿಸಿತು. ಹುಟ್ಟುತ್ತಲೇ ಅಲಗು ಕಂಡವಳಿಗೆ ಯಾರ ಮೇಲೆ ನಂಬಿಕೆ ಬಂದೀತು?

ಗದಗಿನ ಮೌನಪ್ಪ ಬಡಿಗೇರ ನಮ್ಮಿಬ್ಬರನ್ನೂ ಸುರುಳಿ ಸುತ್ತಿ ಸರೋಜವ್ವನ ಮನೆಗೆ ತಂದ. ಮನೆಗೆ ಸೊಸೆ ಬಂದಿದ್ದಳು. ಹಾಗಾಗಿ ಸರೋಜವ್ವನಿಗೆ ಬೀಗ ಹಾಕುವ ಕಪಾಟು ಬೇಕಾಗಿತ್ತು. ಅದರ ಬಾಗಿಲಿಗೆ ನಡುವೆ ಉಬ್ಬಿ ಅಂಚಿಗೆ ಇಳಿಜಾರಾದ ಹಲಗೆ. ಅದು ಯಾವ ಮರವೋ, ಯಾವ ಊರಿನದೋ. ಅದನ್ನೇ ಅಪ್ಪಿಕೊಂಡು ನಾನು ಬಾಳಬೇಕಂತೆ!

"ಒಂದ ಹಾಳಿ ಮುಂದ, ಒಂದ ಹಿಂದ ಹಚ್ಚಬೇಕ್ರಿ," ಎಂದ ಮೌನಪ್ಪ.

"ಹಿಂದ ಯಾರ್ ನೋಡ್ತಾರೋ? ನಿನ್ನ ಮಗಳ ಕನ್ನಡಿ ಚೌಕಟ್ಟಿಗೆ ಬೀಟಿ ಎಲ್ಲಿಂದ ಬಂತು? ನಾ ನೋಡೀನಿ," ಎಂದಳು ಸರೋಜವ್ವ.

ಮೌನಪ್ಪನ ಕಿವಿ ಕೆಂಪಾಯಿತು. "ಅದು ಯಾರದೋ ಮನ್ಯಾಗ ಉಳದ ಚೂರರಿ ಅವ್ವಾರ. ಒಂದ ಕಡೆ ಹಚ್ಚಿದ್ರ ಹಲಗಿ ಬಾಗತೈತ್ರಿ."

"ಬಾಗಲಿ. ನನ್ನ ಮನಿ ಸಾಮಾನ ಎತ್ತಾಕ ನೀ ಬಾಗೂದು ಬ್ಯಾಡ."

ತಂಗಿಯನ್ನು ಮಡಚಿ ಟ್ರಂಕಿಗೆ ತುರುಕಿದಳು. ಚಟಚಟ ಸದ್ದಾಯಿತು.

ಮೌನಪ್ಪ ನನ್ನನ್ನು ಬಿಸಿನೀರಲ್ಲಿ ಒದ್ದೆ ಮಾಡಿದ. ಹಲಗೆಗೆ ಅಂಟು ಬಳಿದು ನನ್ನನ್ನು ಹಾಸಿದ. ಇಳಿಜಾರಿಗೂ ನಾನು ಬಗ್ಗಿ ಕೂರಲೆಂದು ಬೆಚ್ಚಗಿನ ಮರಳು ಚೀಲ ಹೇರಿದ. ಒಣಗುತ್ತ ನಾನು ಬಿಗಿದೆ, ಹಲಗೆಯನ್ನು ನನ್ನತ್ತ ಎಳೆದೆ. ಹಿಂದಿನಿಂದ ಎಳೆದು ಹಿಡಿಯಲು ತಂಗಿ ಇರಲಿಲ್ಲ. ಹಲಗೆ ಸೊಟ್ಟಗಾಯಿತು, ಚೌಕಟ್ಟೂ ತಿರುಚಿತು. ಬೀಗದ ನಾಲಗೆ ತನ್ನ ತೂತು ಮುಟ್ಟಲೇ ಇಲ್ಲ.

"ಆ ಹಾಳಿ ಕೊಡ್ರಿ, ಈಗರೆ ಹಚ್ಚಿ ನೋಡೂಣು," ಎಂದ ಮೌನಪ್ಪ.

ಟ್ರಂಕು ತೆರೆದರೆ ತಂಗಿ ಚೂರುಚೂರು.

"ಬೇಕಂತಽ ಹಾಳ ಮಾಡೀದಿ!" ಎಂದು ಸರೋಜವ್ವ ಅವನನ್ನೇ ಬೈದು ಕಳಿಸಿದಳು. ಬೇರೆ ಬಡಗಿಯನ್ನು ಕರೆಸಲಿಲ್ಲ. ಅವನೂ ಕಳ್ಳನಿರಬಹುದಲ್ಲ?

ವರ್ಷಗಳು ಉರುಳಿದವು. ನನ್ನ ಹೊಳಪು ಹೋಗಿ, ಇಳಿಜಾರಿನಲ್ಲಿ ಬಿರುಕು ಬಿಟ್ಟಿದೆ. ಸರೋಜವ್ವ ಕಪಾಟಿನೆದುರಿಗೇ ಮಂಚ ಹಾಕಿಸಿಕೊಂಡು ಕಾವಲು ಕೂತಿದ್ದಾಳೆ. ಕಥೆಯ ರಕ್ಕಸಿ ಗಿಳಿಯಲ್ಲಿ ಜೀವ ಇಟ್ಟಂತೆ ಅವಳು ಒಳಗೇನು ಇಟ್ಟಿದ್ದಾಳೋ, ಹೊರಮುಖವಾಗಿರುವ ನನಗೆ ಕಾಣದು.

ಸೊಸೆ ಶಶಿಕಲಾ ಚಹಾ ತರುತ್ತಾಳೆ. "ಅತ್ತಿ, ಅಂಗಳಕ್ಕ ಬರ್ರಿ. ಎಳಿ ಬಿಸಲು ಛಲೋ ಐತಿ."

"ನಾ ಹೊರಗ ಹ್ವಾದ್ರ ನಿನಗ ಛಲೋ!"

ಶಶಿಕಲಾ ನಕ್ಕು ಹೋಗುತ್ತಾಳೆ. ಆ ನಗುವನ್ನು ನಾನೂ ನಂಬಿರಲಿಲ್ಲ. ಇಷ್ಟು ವರ್ಷ ಅವಳ ಮೇಲೇ ಕಣ್ಣಿಟ್ಟಿದ್ದೇನೆ. ಬೀಗ ಹತ್ತದೆ ತೆರೆದೇ ಇರುವ ಈ ಬಾಗಿಲ ಸಂದಿಯೊಳಗೆ ಅವಳು ಒಮ್ಮೆಯೂ ಇಣುಕಿಲ್ಲ.

ಇದನ್ನು ಹೇಳಿಬಿಡೋಣ ಎನಿಸುತ್ತದೆ. ಆದರೆ ಸರೋಜವ್ವ ನನ್ನ ಮಾತು ನಂಬುವಳೇ?