ಹಾರದ ಗುಂಡು

ಗುಬ್ಬಿ ಬಸ್ ಸ್ಟ್ಯಾಂಡಿನ ಎದುರಿಗಿರುವ ಝೆರಾಕ್ಸ್ ಅಂಗಡಿಯಲ್ಲಿ ಭಾನುಪ್ರಕಾಶನಿಗೆ ಅರ್ಧ ಪಾಲು, ರವಿಕಿರಣನಿಗೆ ಇನ್ನರ್ಧ. ಇಬ್ಬರೂ ಪ್ರೈಮರಿ ಸ್ಕೂಲಿನಿಂದ ಒಂದೇ ಬೆಂಚಿನವರು. ಕುಣಿಗಲ್ಲಿನಲ್ಲಿ ಎರಡನೇ ಅಂಗಡಿ ಹಿಡಿದಾಗಲೇ ಕಥೆಗೆ ವಿಲನ್ ಎಂಟ್ರಿ ಆದದ್ದು: ದಿನಾ ಅಲ್ಲಿಗೆ ಹೋಗಿ ಬರುವವರು ಯಾರು?

ತುಮಕೂರಿನಲ್ಲಿ ಬಸ್ ಬದಲಿಸಿ ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ. ಭಾನುವಿಗೋ ಬಸ್ಸಿನ ಡೀಸೆಲ್ ವಾಸನೆ ಮೂಗಿಗೆ ಬಡಿದರೆ ಸಾಕು, ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬರುತ್ತದೆ. ಏಳನೇ ಕ್ಲಾಸಿನ ಟೂರಿನಲ್ಲಿ ಮೇಷ್ಟ್ರ ಬಿಳಿ ಶರ್ಟಿನ ಮೇಲೆ ಅವನ ಚಿತ್ರಾನ್ನ ಬಿಡುಗಡೆ ಕಂಡದ್ದನ್ನು ಊರು ಇನ್ನೂ ಮರೆತಿಲ್ಲ.

ಟ್ಯಾಂಕ್ ಆಟದಲ್ಲಿ ತೀರ್ಮಾನ ಮಾಡೋಣ ಎಂದವನು ಭಾನುವೇ. ಅಂಗಡಿಯ ಕಂಪ್ಯೂಟರಿನಲ್ಲಿದ್ದ ಆ ಆಟ ಅಜ್ಜನ ಕಾಲದ್ದೆಂಬಂತೆ ಕಾಣುತ್ತಿತ್ತು. ಎರಡು ಚೌಕ, ಒಂದು ಕೆಂಪು, ಒಂದು ಹಸಿರು, ನಾಲ್ಕಾರು ಗೋಡೆ. ಗೋಡೆಗೆ ಬಡಿದ ಗುಂಡು ಪುಟಿದು ಬಂದು ಹೊಡೆದವನನ್ನೇ ಕೊಲ್ಲುವುದೂ ಉಂಟು. ಅಷ್ಟೇ. ಆದರೂ ಪಹಣಿ ಪ್ರಿಂಟಿಗೆ ಬಂದವರು ಬಸ್ ಬಿಟ್ಟುಕೊಂಡು ನಿಂತು ನೋಡುತ್ತಿದ್ದರು. ಹಾಗಲವಾಡಿಯ ರಂಗಯ್ಯ ಅಂತೂ ಪಹಣಿಯನ್ನು ಮೇಜಿನ ಮೇಲೇ ಬಿಟ್ಟುಹೋಗಿ, ಮಾರನೇ ದಿನ ಅದನ್ನು ಒಯ್ಯುವ ನೆಪದಲ್ಲಿ ಮತ್ತೆ ಆಟ ನೋಡಲು ಬಂದಿದ್ದ.

ಒಂದೇ ಕೀಬೋರ್ಡು, ಇಬ್ಬರು. ಎಡಗಡೆಯ ಅಕ್ಷರದ ಕೀಗಳು ಭಾನುವಿಗೆ, ಬಲಗಡೆಯ ಬಾಣದ ಕೀಗಳು ರವಿಗೆ, ಗುಂಡು ಹಾರಿಸಲು ಇಬ್ಬರಿಗೂ ಒಂದೊಂದು ಕೀ ಬೇರೆ. ದಿನಕ್ಕೊಂದು ಆಟ, ಒಟ್ಟು ಹನ್ನೊಂದು. ಮೊದಲು ಆರು ಗೆದ್ದವನಿಗೆ ಗುಬ್ಬಿ, ಸೋತವನಿಗೆ ಕುಣಿಗಲ್. ಟೈಪಿಂಗ್ ಮಾಡುವ ಸಂಧ್ಯಾ ಅಂಪೈರ್.

"ಈ ಭಾನು ಗುಂಡು ಹಾರ್ಸೋದೇ ಕಮ್ಮಿ. ಹಾರ್ಸಿದ್ರೆ ಎದ್ರಿಗಿರೋನು ಫೋಟೋಗೆ ಹಾರ ತಗೊಬೇಕು," ಎಂದು ಮೊದಲ ದಿನವೇ ಭಾನು ತನ್ನ ಬಗ್ಗೆ ತಾನೇ ಡೈಲಾಗ್ ಬಿಟ್ಟ.

ಎಂಟು ಆಟ ಮುಗಿಯುವಷ್ಟರಲ್ಲಿ ರವಿ ಐದು, ಭಾನು ಮೂರು. ಸೋತದ್ದಕ್ಕಿಂತ ಸೋತ ರೀತಿ ಭಾನುವನ್ನು ಕೊರೆಯಿತು. ಸರಿಯಾಗಿ ಗುರಿಯಿಟ್ಟು ಒತ್ತಿದ ಕ್ಷಣದಲ್ಲೇ ಗುಂಡು ಹಾರುತ್ತಿರಲಿಲ್ಲ. ಎಲ್ಲ ಸಲವೂ ಅಲ್ಲ, ಬೇಕಾದಾಗ ಮಾತ್ರ. ರವಿಯ ಗುಂಡು ಒಂದು ಸಲವೂ ಕೈಕೊಟ್ಟಿರಲಿಲ್ಲ.

"ಏನ್ಲಾ ಮಾಡಿದೀಯ ನನ್ ಗುಂಡಿಗೆ?"

"ಕೈಲಾಗ್ದೋರಿಗೆ ಕೀಬೋರ್ಡ್ ಮೇಲೆ ಕೋಪ," ಎಂದು ನಕ್ಕು ರವಿ ಖಾರದ ಕಾಂಗ್ರೆಸ್ ಕಡ್ಲೆಕಾಯಿ ಬಾಯಿಗೆ ಎಸೆದುಕೊಂಡ.

ಆ ನಗುವಿನಲ್ಲಿ ಏನೋ ಇದೆ ಎನ್ನಿಸಿತು ಭಾನುವಿಗೆ. ಸಂಧ್ಯಾಳನ್ನೂ ಅನುಮಾನಿಸಿದ, ಅವಳಿಗೆ ರವಿ ಎರಡು ಸಲ ಬಾದಾಮಿ ಹಾಲು ತರಿಸಿಕೊಟ್ಟಿದ್ದ. ಎಂಟನೇ ಆಟದ ದಿನ ಪೇಪರ್ ಬಂಡಲ್ಲಿನ ಹಿಂದೆ ಮೊಬೈಲ್ ಅಡಗಿಸಿಟ್ಟು ರವಿಯ ಕೈಗಳ ವಿಡಿಯೋ ಮಾಡಿದ್ದ. ಅದನ್ನು ಮನೆಯಲ್ಲಿ ಹತ್ತು ಸಲ ನೋಡಿದ. ಮೋಸದ ಸುಳಿವಿಲ್ಲ. ಕಂಡದ್ದು ಒಂದೇ: ತನ್ನ ಗುಂಡು ಹಾರದೆ ಹೋದಾಗಲೆಲ್ಲ ರವಿಯ ಎರಡು ಬೆರಳು ಎರಡು ಬಾಣದ ಕೀಗಳನ್ನು ಒಟ್ಟಿಗೆ ಅದುಮಿ ಹಿಡಿದಿರುತ್ತಿದ್ದವು.

ಮಾರನೇ ದಿನ ರವಿ ಬರುವ ಮೊದಲೇ ಅಂಗಡಿ ತೆಗೆದು ಪರೀಕ್ಷಿಸಿದ. ಆ ಎರಡು ಕೀ ಅದುಮಿ ಹಿಡಿದು ತನ್ನ ಗುಂಡು ಒತ್ತಿದ, ಹಾರಲಿಲ್ಲ. ಬಿಟ್ಟು ಒತ್ತಿದ, ಹಾರಿತು. ಹಳೇ ಕೀಬೋರ್ಡು, ಒಟ್ಟಿಗೆ ಮೂರು ಕೀ ಒತ್ತಿದರೆ ಮೂರನೆಯದನ್ನು ನುಂಗುತ್ತಿತ್ತು. ರವಿಗೆ ಎರಡು ಕೀ ಒಟ್ಟಿಗೆ ಹಿಡಿದು ಟ್ಯಾಂಕ್ ನಿಲ್ಲಿಸದೆ ಗಿರಕಿ ಹೊಡೆಸುವ ಅಭ್ಯಾಸ, ಅಷ್ಟೇ. ಅವನು ನಿರಪರಾಧಿ.

ಅಲ್ಲಿಗೇ ಎದ್ದು ಹೋಗಿ ಕ್ಷಮೆ ಕೇಳಿದ್ದರೆ ಭಾನು ಹೀರೋ ಆಗುತ್ತಿದ್ದ. ಅದರ ಬದಲು ತನ್ನ ಕಡೆಯ ಎರಡು ಕೀಗಳನ್ನು ಅದುಮಿ ಹಿಡಿದು ರವಿಯ ಗುಂಡು ಒತ್ತಿ ನೋಡಿದ. ಅದೂ ಹಾರಲಿಲ್ಲ.

ಮುಂದಿನ ಮೂರು ಆಟಗಳಲ್ಲಿ ಭಾನುವೂ ಎರಡು ಕೀ ಅದುಮಿ ಹಿಡಿದು ಗಿರಕಿ ಹೊಡೆಸಿದ, ಮೂರನ್ನೂ ಗೆದ್ದ. ಕೊನೆಯ ಆಟದಲ್ಲಿ ರವಿ ನಾಲ್ಕು ಸಲ ಗುಂಡು ಒತ್ತಿದ್ದು, ಹಾರದೆ ಹೋದದ್ದು, ಎಲ್ಲ ಭಾನುವಿಗೆ ಪಕ್ಕದಲ್ಲೇ ಕಂಡಿತು. ರವಿ ಜಗಳ ಆಡಲಿಲ್ಲ. ತನ್ನ ಬೆರಳನ್ನೇ ತಿರುಗಿಸಿ ನೋಡಿಕೊಂಡು, "ಬುಡು, ಕುಣಿಗಲ್ ನೀರು ಕುಡಿಯೋ ಋಣ ಇತ್ತು," ಎಂದ. ಜೊತೆಗೆ, ಗುಬ್ಬಿಗೆ ಹೊಸ ಕೀಬೋರ್ಡ್ ತಂದುಕೋ, ಇದು ನನಗಿರಲಿ ಎಂದು ಹಳೆಯದನ್ನು ಬ್ಯಾಗಿಗೆ ಹಾಕಿಕೊಂಡ.

ಭಾನುವಿನ ನೆಮ್ಮದಿಯೂ ಅದೇ ಬ್ಯಾಗಿನಲ್ಲಿ ಹೋಯಿತು. ಅದೇ ಯಾಕೆ ಬೇಕಿತ್ತು ಅವನಿಗೆ? ಅಲ್ಲಿ ಆಡುತ್ತಾನಾ? ಗುಟ್ಟು ಗೊತ್ತಾಗಿದೆಯಾ? ಫೋನಿನಲ್ಲಿ ರವಿ ಝೆರಾಕ್ಸ್ ಮೆಷಿನ್ನಿನ ಟೋನರ್ ಎಂದರೂ ಇವನಿಗೆ ಟ್ಯಾಂಕಿನ ಸದ್ದು. ಒಮ್ಮೆ ಮಾತು ಮುಗಿಸುವಾಗ ರವಿ, ಇಲ್ಲಿಯ ಹುಡುಗರೂ ಟ್ಯಾಂಕ್ ಆಟಕ್ಕೆ ಬಿದ್ದಿದ್ದಾರೆ ಎಂದ.

ರವಿ ಕುಣಿಗಲ್ಲಿಗೆ ಹೋದ ಹತ್ತನೇ ದಿನ ಭಾನು ಒಂದು ಹೊಸ ಕೀಬೋರ್ಡು, ವಾಂತಿಗೆಂದು ನಾಲ್ಕು ಪ್ಲಾಸ್ಟಿಕ್ ಕವರು, ಎರಡು ನಿಂಬೆಹಣ್ಣು ಹಿಡಿದು ಬಸ್ ಹತ್ತಿದ. ಹಳೆಯದನ್ನು ಬದಲಿಸಿ ತಂದುಬಿಟ್ಟರೆ ಸಾಕ್ಷಿಯೇ ಇರುವುದಿಲ್ಲ ಎಂಬುದು ಲೆಕ್ಕ. ತುಮಕೂರಿಗೆ ಒಂದು ಕವರು, ಹೆಬ್ಬೂರಿಗೆ ಇನ್ನೆರಡು. ಕುಣಿಗಲ್ಲಿನಲ್ಲಿ ಇಳಿದಾಗ ಮುಖ ಆಟದ ಹಸಿರು ಟ್ಯಾಂಕಿನ ಬಣ್ಣಕ್ಕೆ ತಿರುಗಿತ್ತು.

ರವಿ ಸೋಡಾ ತರಿಸಿಕೊಟ್ಟ. ಹೊಸ ಕೀಬೋರ್ಡನ್ನು ನೋಡಿದ, ಯಾಕೆ ಎಂದು ಕೇಳಲಿಲ್ಲ. "ಕೂತ್ಕೊ. ಒಂದ್ ಆಟ ಆಡಣ," ಎಂದು ಹಳೆಯದನ್ನೇ ನಡುವೆ ಎಳೆದ.

ಆಟ ಶುರುವಾಯಿತು. ರವಿಯ ಟ್ಯಾಂಕು ಎದುರಿಗೇ ಬಂದು ಗಿರಕಿ ಹೊಡೆಯತೊಡಗಿತು. ಭಾನು ಗುಂಡು ಒತ್ತಿದ. ಮತ್ತೆ ಒತ್ತಿದ. ರವಿಯ ಎರಡು ಬೆರಳು ಕೀಗಳ ಮೇಲೆ ಅಲುಗದೆ ಕೂತಿದ್ದವು. ಅವನು ನೋಡುತ್ತಿದ್ದದ್ದು ಪರದೆಯನ್ನಲ್ಲ, ಭಾನುವಿನ ಮುಖವನ್ನು.

"ಹಾರ್ತಿಲ್ವಾ?" ಎಂದ ಮೆಲ್ಲಗೆ.

ಭಾನು ಹೊಸ ಕೀಬೋರ್ಡಿನ ಡಬ್ಬ ಹರಿದು, ಹಳೆಯದರ ವೈರು ಕಿತ್ತು, ತಾನೇ ಜೋಡಿಸಿದ.

"ಮೊದ್ಲಿಂದ ಆಡಣ ಕಣೋ. ಹನ್ನೊಂದು."

"ಇವತ್ತೇ?"

"ದಿನಕ್ಕೊಂದು. ಇಲ್ಲೇ," ಎಂದ ಭಾನು. "ನಾನೇ ಬರ್ತೀನಿ."

ರವಿ ಕಡ್ಲೆಕಾಯಿ ಪೊಟ್ಟಣವನ್ನು ಅವನ ಕಡೆ ತಳ್ಳಿದ. ಭಾನು ಒಂದು ಕಾಳೂ ಮುಟ್ಟಲಿಲ್ಲ. ವಾಪಸ್ ಬಸ್ಸಿಗೆ ಉಳಿದಿದ್ದದ್ದು ಒಂದೇ ಕವರು.